ಒಂದು ಜಲಾಶಯ, ಹಲವು ಬಾಯಾರಿಕೆ

ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನೀರಿನ ಮಟ್ಟ 186 ಅಡಿ ಮುಟ್ಟಿತು ಎಂಬ ಸುದ್ದಿ ಬಂದ ದಿನ ತರೀಕೆರೆಯಿಂದ ಹರಪನಹಳ್ಳಿಯವರೆಗೆ ಎಲ್ಲರಿಗೂ ನಿರಾಳ. ಬಾಗಿನ ಬಿಡುತ್ತಾರೆ, ನಾಲೆಗೆ ನೀರು ಹರಿಯುತ್ತದೆ, ಗದ್ದೆಗಳಲ್ಲಿ ನಾಟಿ ಶುರುವಾಗುತ್ತದೆ. ಜಲಾಶಯ ತುಂಬಿದ ವರ್ಷ ಯಾರೂ ಯಾರ ಪಾಲನ್ನೂ ಎಣಿಸುವುದಿಲ್ಲ. ತುಂಬದ ವರ್ಷ ಬಂದರೆ ಅದೇ ನೀರಿನ ಸುತ್ತ ಮನಸ್ತಾಪ, ಧರಣಿ, ರಸ್ತೆ ತಡೆ. 2023ರ ಬರದಲ್ಲಿ ಇದನ್ನೇ ಕಂಡೆವು. ಭತ್ತ ನಾಟಿ ಮಾಡಿ ಕೂತಿದ್ದ ದಾವಣಗೆರೆ ಭಾಗದ ರೈತರು ನೂರು ದಿನ ಸತತವಾಗಿ ನೀರು ಕೊಡಿ ಎಂದರು. ಅಡಿಕೆ ತೋಟದವರು ಬೇಸಿಗೆಗೆ ಒಂದಿಷ್ಟು ಉಳಿಸಿ ಎಂದರು. ಕುಡಿಯುವ ನೀರನ್ನು ಮೊದಲೇ ತೆಗೆದಿಡಬೇಕು ಎಂಬುದು ಆಡಳಿತದ ಮಾತು. ನಾಲೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್-ಆಫ್ ಪದ್ಧತಿಯ ತೀರ್ಮಾನ ಹೊರಬಿದ್ದಾಗ ರೈತರು ಬೀದಿಗಿಳಿದರು.

ಅಲ್ಲಿ ಯಾರ ಮಾತೂ ಅನ್ಯಾಯದ್ದಾಗಿರಲಿಲ್ಲ. ಪ್ರತಿಯೊಬ್ಬರ ಬೇಡಿಕೆಯ ಹಿಂದೆಯೂ ಒಂದು ಸಂಸಾರದ ವರ್ಷದ ಅನ್ನ ಇತ್ತು. ನೀರಿನ ರಾಜಕಾರಣದಲ್ಲಿ ಅತ್ಯಂತ ಕಠಿಣವಾದ ಸಂದರ್ಭ ಇದೇ. ಒಬ್ಬರು ಸುಳ್ಳು ಹೇಳುತ್ತಿದ್ದರೆ ತೀರ್ಪು ಸುಲಭ. ಎಲ್ಲರೂ ನಿಜ ಹೇಳುತ್ತಿರುವಾಗ, ಎಲ್ಲರಿಗೂ ಸಾಲುವಷ್ಟು ನೀರಿಲ್ಲದಾಗ ಏನು ಮಾಡಬೇಕು?

ಎಂಜಿನಿಯರಿಂಗ್ ಶಾಸ್ತ್ರದ ಒಂದು ಶಾಖೆ ಏಳು ದಶಕಗಳಿಂದ ಈ ಪ್ರಶ್ನೆಯನ್ನು ಕೆದಕುತ್ತಲೇ ಬಂದಿದೆ. ಅದರ ಹೆಸರು ಆಪ್ಟಿಮೈಸೇಶನ್. ಒಂದಕ್ಕೊಂದು ಎದುರಾಗುವ ಗುರಿಗಳನ್ನು ಒಟ್ಟಿಗೆ ಹಿಡಿದು ತೂಗುವ ಗಣಿತ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಗಣಿತವನ್ನು ಪ್ರಯೋಗಿಸಿ ನೋಡಿದ ಜಲಾಶಯಗಳಲ್ಲಿ ಭದ್ರೆಯೂ ಒಂದು. ಆ ಲೆಕ್ಕ ಜಾಗತಿಕ ನಿಯತಕಾಲಿಕೆಗಳಲ್ಲಿ ಅಚ್ಚಾಗಿದೆ. ನಾಲೆಯ ಪಕ್ಕದ ಊರುಗಳಿಗೆ ಅದು ಅವರ ಮಾತಿನಲ್ಲಿ ತಲುಪಬೇಕು ಎಂಬುದು ಈ ಬರಹದ ಆಸೆ.

ಒಂದು ಟಿಎಂಸಿ ಅಂದರೆ ಎಷ್ಟು?

ಪತ್ರಿಕೆಗಳಲ್ಲಿ ದಿನವೂ ಓದುವ ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಹೇಳುವುದಾದರೆ ಸುಮಾರು 2,830 ಕೋಟಿ. ಇಷ್ಟು ನೀರಿನಿಂದ ಏನೇನು ಮಾಡಬಹುದು ಎಂದು ಒಮ್ಮೆ ಎಣಿಸಿ ನೋಡೋಣ.

ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ನಗರದ ಮಾನದಂಡ ಹಿಡಿದರೆ ಒಂದು ಟಿಎಂಸಿ ನೀರು ಸುಮಾರು ಐದೂ ಮುಕ್ಕಾಲು ಲಕ್ಷ ಜನರ ಒಂದು ವರ್ಷದ ಅಗತ್ಯಕ್ಕೆ ಸಾಕು. ಅದೇ ನೀರನ್ನು ಭತ್ತದ ಗದ್ದೆಗೆ ಬಿಟ್ಟರೆ, ಬೆಳೆ ಮುಗಿಯುವವರೆಗೆ 1.2 ಮೀಟರ್ ಆಳದಷ್ಟು ನೀರು ಬೇಕೆಂದುಕೊಂಡರೂ, 5,800 ಎಕರೆಯಷ್ಟು ಬೆಳೆಯುತ್ತದೆ. ನಾಲೆಯಲ್ಲಿ ಇಂಗುವುದನ್ನು, ಆವಿಯಾಗುವುದನ್ನು ಕಳೆದರೆ ಇನ್ನೂ ಕಡಿಮೆ. ಅರ್ಧ ಮೀಟರ್ ನೀರಿನಲ್ಲಿ ಮುಗಿಯುವ ಅರೆ ನೀರಾವರಿ ಬೆಳೆಗಾದರೆ ಎರಡು ಪಟ್ಟಿಗೂ ಹೆಚ್ಚು ಭೂಮಿ ಸಿಗುತ್ತದೆ. ಇನ್ನು, ಆ ನೀರನ್ನು 50 ಮೀಟರ್ ಎತ್ತರದಿಂದ ಟರ್ಬೈನ್ ಮೇಲೆ ಬೀಳಿಸಿದರೆ ಸುಮಾರು 33 ಲಕ್ಷ ಯೂನಿಟ್ ವಿದ್ಯುತ್ ಬರುತ್ತದೆ.

ಐದೂ ಮುಕ್ಕಾಲು ಲಕ್ಷ ಜನ, 5,800 ಎಕರೆ, 33 ಲಕ್ಷ ಯೂನಿಟ್. ಮೂರನ್ನೂ ತಕ್ಕಡಿಗೆ ಹಾಕಲು ಹೊರಟರೆ ಮೊದಲ ತೊಡಕು ಎದುರಾಗುತ್ತದೆ: ಇವುಗಳಿಗೆ ಸಮಾನವಾದ ಬಟ್ಟು ಯಾವುದು?

ಬಟ್ಟು ಸಿಕ್ಕಾಗ ಲೆಕ್ಕ ಸುಲಭ

ಕೆಲವು ಕಡೆ ಬಟ್ಟು ಸಿಗುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತಗಳಲ್ಲಿ ಪಂಪ್ ಮಾಡಿ ನೂರಾರು ಮೀಟರ್ ಮೇಲಕ್ಕೆ ಎತ್ತಬೇಕು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ಯೋಜನೆ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ಹೀಗೆ ಎತ್ತಲೆಂದೇ ಆಗಿರುವುದು. ಇಂಥ ಯೋಜನೆಗೆ ಎಷ್ಟು ಅಗಲದ ಪೈಪು ಹಾಕಬೇಕು? ಸಣ್ಣ ಪೈಪು ಅಗ್ಗ. ಆದರೆ ಅದರೊಳಗೆ ನೀರು ತಿಕ್ಕಾಡುತ್ತ ಸಾಗುವುದರಿಂದ ಪಂಪಿಗೆ ಹೆಚ್ಚು ಕರೆಂಟು ಬೇಕು. ದೊಡ್ಡ ಪೈಪಿಗೆ ಬೆಲೆ ಹೆಚ್ಚು, ಕರೆಂಟು ಕಡಿಮೆ. ಅಷ್ಟೇ ನೀರು ಹರಿಯುವಾಗ ಈ ತಿಕ್ಕಾಟದ ನಷ್ಟ ಪೈಪಿನ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ವ್ಯಾಸವನ್ನು ಶೇ 20ರಷ್ಟು ಹಿಗ್ಗಿಸಿದರೆ ನಷ್ಟ ಅರ್ಧಕ್ಕಿಂತಲೂ ಕೆಳಗೆ ಬರುತ್ತದೆ. ದುಪ್ಪಟ್ಟು ಮಾಡಿದರೆ ಮೂವತ್ತೆರಡರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ.

ಇಲ್ಲಿ ಎರಡೂ ಗುರಿಗಳು ರೂಪಾಯಿಗೆ ಇಳಿಯುತ್ತವೆ. ಪೈಪಿನ ಬೆಲೆ ಇಂದಿನ ರೂಪಾಯಿ, ಕರೆಂಟು ಬಿಲ್ಲು ಮುಂದಿನ ಮೂವತ್ತು ವರ್ಷದ ರೂಪಾಯಿ. ಎರಡನ್ನೂ ಕೂಡಿಸಿ ಮೊತ್ತ ಎಲ್ಲಿ ಕನಿಷ್ಠವೋ ಆ ವ್ಯಾಸವನ್ನು ಆರಿಸಿದರೆ ಕೆಲಸ ಮುಗಿಯಿತು.

ನೆದರ್ಲೆಂಡ್ಸ್‌ನಲ್ಲಿ ಇದೇ ತರ್ಕ ಜೀವನ್ಮರಣದ ಪ್ರಶ್ನೆಗೂ ಅನ್ವಯವಾಯಿತು. 1953ರ ಜನವರಿ 31ರ ರಾತ್ರಿ ಕಳೆದು ಫೆಬ್ರುವರಿ 1ರ ಬೆಳಗಾಗುವಷ್ಟರಲ್ಲಿ ಉತ್ತರ ಸಮುದ್ರ ಉಕ್ಕಿ ಕಡಲ ಒಡ್ಡುಗಳು ಒಡೆದು ಆ ದೇಶದಲ್ಲಿ 1,836 ಜನ ಸತ್ತರು. ಒಡ್ಡನ್ನು ಎಷ್ಟು ಎತ್ತರಿಸಬೇಕು ಎಂಬ ಪ್ರಶ್ನೆಗೆ ಗಣಿತಜ್ಞ ಡೇವಿಡ್ ಫಾನ್ ಡಾಂಟ್ಸಿಗ್ 1956ರಲ್ಲಿ ಉತ್ತರ ಕೊಟ್ಟರು. ಒಡ್ಡು ಎತ್ತರವಾದಷ್ಟೂ ಖರ್ಚು ಏರುತ್ತದೆ, ಪ್ರವಾಹದ ನಷ್ಟದ ಸಂಭವ ಇಳಿಯುತ್ತದೆ. ಎರಡರ ಮೊತ್ತ ಕನಿಷ್ಠವಾಗುವ ಎತ್ತರವೇ ಸರಿಯಾದ ಎತ್ತರ ಎಂದು ಅವರು ತೋರಿಸಿದರು. ಹಾಲೆಂಡಿನ ನಡುಭಾಗದ ಒಡ್ಡುಗಳಿಗೆ ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ಉಬ್ಬರವನ್ನು ತಾಳುವ ಗುರಿ ನಿಗದಿಯಾದದ್ದು ಇಂಥ ಚಿಂತನೆಯ ಬೆನ್ನಿಗೇ. ಅಂದಾಜಿನ ಮೇಲೆ ನಡೆಯುತ್ತಿದ್ದ ಕೆಲಸಕ್ಕೆ ಒಂದು ತಳಪಾಯ ಸಿಕ್ಕಿತು.

ಭದ್ರೆಯ ನೀರಿಗೆ ಇಂಥ ಬಟ್ಟು ಇಲ್ಲ. ಕರೆಂಟಿಗೆ ದರವಿದೆ, ಭತ್ತಕ್ಕೂ ಇದೆ. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ಊರಿಗೆ, ನದಿಯಲ್ಲಿ ಉಸಿರಾಡಬೇಕಾದ ಮೀನಿಗೆ, ನಾಲೆಯ ಕೊನೆಯಲ್ಲಿ ಒಣಗಿದ ಗದ್ದೆಯ ಮಾಲೀಕನ ಅವಮಾನಕ್ಕೆ ದರ ಹಾಕುವವರು ಯಾರು? ಹಾಕಿದರೂ ಒಪ್ಪುವವರು ಯಾರು?

ಭದ್ರೆಯ ಒಳಗಿನ ಎಳೆದಾಟ

ಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 71.5 ಟಿಎಂಸಿ. ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಮಿಗಿಲು. ಅದರಲ್ಲಿ ಬಹುಪಾಲು ಬಲದಂಡೆ ನಾಲೆಯದು. ಅಣೆಕಟ್ಟಿನಲ್ಲಿ ಒಟ್ಟು 39.2 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಘಟಕಗಳಿವೆ. ಕೆಲವು ಘಟಕಗಳು ನಾಲೆಗೆ ಹೋಗುವ ನೀರಿನಿಂದಲೇ ತಿರುಗುತ್ತವೆ. ದೊಡ್ಡವು ನದಿಗೆ ಬಿಡುವ ನೀರಿನಿಂದ ತಿರುಗುತ್ತವೆ. ನಾಲೆಯ ಟರ್ಬೈನಿನ ನೀರು ವಿದ್ಯುತ್ ಕೊಟ್ಟು ಗದ್ದೆಗೂ ಹೋಗುತ್ತದೆ, ಅಲ್ಲಿ ಜಗಳವಿಲ್ಲ. ನದಿಗೆ ಬಿಟ್ಟ ನೀರು ಹೆಚ್ಚು ವಿದ್ಯುತ್ ಕೊಡುತ್ತದೆ, ಆದರೆ ಮತ್ತೆ ಭದ್ರಾ ನಾಲೆಗೆ ಬರುವುದಿಲ್ಲ. ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ಮುಂದಕ್ಕೆ ಹೋಗಿಬಿಡುತ್ತದೆ.

ಇನ್ನೊಂದು ಎಳೆತ ಮಟ್ಟದ್ದು. ನೀರು ಎತ್ತರದಲ್ಲಿ ನಿಂತಷ್ಟೂ ಒಂದೊಂದು ಹನಿಯಿಂದಲೂ ಹೆಚ್ಚು ವಿದ್ಯುತ್ ಸಿಗುತ್ತದೆ. ಹಾಗಾಗಿ ವಿದ್ಯುತ್ತಿನ ದೃಷ್ಟಿಯಿಂದ ಜಲಾಶಯ ಸದಾ ತುಂಬಿರಬೇಕು. ನೀರಾವರಿಯ ದೃಷ್ಟಿಯಿಂದ ಬೆಳೆಗೆ ಬೇಕಾದಾಗ ಧಾರಾಳವಾಗಿ ಇಳಿಯಬೇಕು. ಪ್ರವಾಹದ ಭಯವಿರುವ ಜುಲೈ, ಆಗಸ್ಟ್‌ನಲ್ಲಿ ಒಂದಿಷ್ಟು ಖಾಲಿ ಇರಬೇಕು. ಕುಡಿಯುವ ನೀರಿನವರಿಗೆ ಮೇ ತಿಂಗಳ ಕೊನೆಯವರೆಗೂ ತಳದಲ್ಲಿ ನೀರು ಉಳಿದಿರಬೇಕು. ಕೆಳಗಡೆ ಭದ್ರಾವತಿಯಂಥ ಕೈಗಾರಿಕಾ ಪಟ್ಟಣವಿರುವುದರಿಂದ ಹೊಳೆಯ ನೀರು ಕೆಡದಂತೆ ನದಿಯಲ್ಲಿ ಹರಿವು ನಿಲ್ಲಬಾರದು. ಸಾಲದೆಂಬಂತೆ ಈಗ ಹೊಸ ಹಕ್ಕುದಾರರೂ ಬಂದಿದ್ದಾರೆ. ಚಿತ್ರದುರ್ಗ, ತುಮಕೂರಿನ ಬಯಲಿಗೆ ನೀರು ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಗೆ ಹಂಚಿಕೆಯಾಗಿರುವುದು 29.9 ಟಿಎಂಸಿ. ಅದರಲ್ಲಿ 17.4 ಟಿಎಂಸಿ ತುಂಗೆಯಿಂದ ಎತ್ತಿ ಭದ್ರೆಗೆ ತರಬೇಕಾದದ್ದು, 12.5 ಟಿಎಂಸಿ ಭದ್ರೆಯದೇ.

ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಜಂಗಾ ರೆಡ್ಡಿ ಮತ್ತು ಡಿ. ನಾಗೇಶ್ ಕುಮಾರ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಜಲಾಶಯದ್ದು. ನೀರಾವರಿ, ವಿದ್ಯುತ್, ಕೆಳಗಿನ ನದಿಯ ನೀರಿನ ಗುಣಮಟ್ಟ, ಇವನ್ನು ಅವರು ಒಂದೇ ಬಟ್ಟಿಗೆ ಇಳಿಸಲು ಹೋಗಲಿಲ್ಲ. ಬೇರೆ ಬೇರೆ ಗುರಿಗಳಾಗಿಯೇ ಉಳಿಸಿಕೊಂಡು ಲೆಕ್ಕ ಹಾಕಿದರು. ಆ ಲೆಕ್ಕದ ಬೇರು ನೂರು ವರ್ಷ ಹಿಂದಿನದು.

ಪರೇಟೊ ಎಳೆದ ಗೆರೆ

ಇಟಲಿಯ ವಿಲ್ಫ್ರೆಡೊ ಪರೇಟೊ ಅರ್ಥಶಾಸ್ತ್ರಜ್ಞ ಎಂದೇ ಹೆಸರಾದವರು. ಓದಿದ್ದು ಟ್ಯೂರಿನ್‌ನಲ್ಲಿ ಎಂಜಿನಿಯರಿಂಗ್, ರೈಲ್ವೆಯಲ್ಲಿ ದುಡಿದಿದ್ದರು. ಅವರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮುಂದಿಟ್ಟ ವಿಚಾರ ಇಷ್ಟು: ಯಾರಿಗೂ ನಷ್ಟವಾಗದಂತೆ ಇನ್ನೊಬ್ಬರಿಗೆ ಲಾಭ ಮಾಡಿಕೊಡಲು ಸಾಧ್ಯವಿದ್ದರೆ ಈಗಿನ ವ್ಯವಸ್ಥೆಯಲ್ಲಿ ಪೋಲು ಇದೆ ಎಂದರ್ಥ. ಅಂಥ ಅವಕಾಶವೇ ಉಳಿದಿಲ್ಲದ ಸ್ಥಿತಿಗೆ ಈಗ ಪರೇಟೊ ಸ್ಥಿತಿ ಎನ್ನುತ್ತಾರೆ.

ಇದನ್ನು ಭದ್ರೆಗೆ ಹೊಂದಿಸಿ ನೋಡಿ. ವರ್ಷದ ಹನ್ನೆರಡು ತಿಂಗಳೂ ಯಾವ ತೂಬಿನಿಂದ ಎಷ್ಟು ನೀರು ಬಿಡಬೇಕು ಎಂಬ ಒಂದು ಪಟ್ಟಿಯನ್ನು ಒಂದು ಯೋಜನೆ ಎನ್ನೋಣ. ಇಂಥ ಯೋಜನೆಗಳು ಕೋಟ್ಯಂತರ ಸಾಧ್ಯ. ಒಂದು ಯೋಜನೆಗಿಂತ ಇನ್ನೊಂದು ನೀರಾವರಿಯಲ್ಲೂ ವಿದ್ಯುತ್ತಿನಲ್ಲೂ ನದಿಯ ಆರೋಗ್ಯದಲ್ಲೂ ಮೇಲಾಗಿದ್ದರೆ ಮೊದಲಿನದನ್ನು ಯೋಚಿಸದೆ ಬಿಸಾಡಬಹುದು. ಹೀಗೆ ಬಿಸಾಡುತ್ತ ಹೋದರೆ ಕೊನೆಗೆ ಉಳಿಯುವವು ಒಂದನ್ನೊಂದು ಸೋಲಿಸಲಾಗದ ಯೋಜನೆಗಳು. ಒಂದರಲ್ಲಿ ಭತ್ತ ಹೆಚ್ಚು, ಇನ್ನೊಂದರಲ್ಲಿ ವಿದ್ಯುತ್ ಹೆಚ್ಚು. ಅವನ್ನು ಕಾಗದದ ಮೇಲೆ ಬಿಂದುಗಳಾಗಿ ಗುರುತಿಸಿದರೆ ಒಂದು ಬಾಗಿದ ಗೆರೆ ಮೂಡುತ್ತದೆ. ಆ ಗೆರೆಯ ಮೇಲೆ ಒಂದು ಹೆಜ್ಜೆ ಈಚೆ ಬಂದರೆ ಎಷ್ಟು ಎಕರೆಯ ನೀರು ಕಡಿತವಾಗಿ ಎಷ್ಟು ಯೂನಿಟ್ ಸಿಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸಾಮಾನ್ಯವಾಗಿ ಇಂಥ ಗೆರೆಗಳಲ್ಲಿ ಒಂದು ತಿರುವು ಇರುತ್ತದೆ. ಅಲ್ಲಿಯವರೆಗೆ ಸ್ವಲ್ಪ ಬಿಟ್ಟುಕೊಟ್ಟರೆ ಬಹಳ ಸಿಗುತ್ತದೆ. ಅದನ್ನು ದಾಟಿದರೆ ಬಹಳ ಬಿಟ್ಟುಕೊಟ್ಟರೂ ಸಿಗುವುದು ಸ್ವಲ್ಪ. ಸಂಧಾನಕ್ಕೆ ಕೂರುವವರು ಮೊದಲು ನೋಡಬೇಕಾದ ಜಾಗ ಆ ತಿರುವು.

ಗೆರೆಯನ್ನು ಹುಡುಕುವ ವಿಧಾನಗಳು ಕಾಲದಿಂದ ಕಾಲಕ್ಕೆ ಬೆಳೆದಿವೆ. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಸಿಗ್ ಲೀನಿಯರ್ ಪ್ರೋಗ್ರಾಮಿಂಗ್‌ಗೆ ಸಿಂಪ್ಲೆಕ್ಸ್ ವಿಧಾನ ಕೊಟ್ಟರು. ಐವತ್ತರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ಹಂತ ಹಂತವಾಗಿ ತೀರ್ಮಾನ ಕೈಗೊಳ್ಳುವ ಡೈನಾಮಿಕ್ ಪ್ರೋಗ್ರಾಮಿಂಗ್ ರೂಪಿಸಿದರು. ಅದೇ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಮಾಸ್ ಮತ್ತು ಸಂಗಡಿಗರು ಎಂಜಿನಿಯರ್, ಅರ್ಥಶಾಸ್ತ್ರಜ್ಞ, ರಾಜ್ಯಶಾಸ್ತ್ರಜ್ಞರನ್ನು ಒಂದೇ ಮೇಜಿಗೆ ಕೂರಿಸಿ ನದಿ ಯೋಜನೆಯ ಅಧ್ಯಯನ ನಡೆಸಿದರು; 1962ರಲ್ಲಿ ಬಂದ ಅವರ ಪುಸ್ತಕ ಈ ಕ್ಷೇತ್ರಕ್ಕೆ ಅಡಿಗಲ್ಲಾಯಿತು. ನಮ್ಮ ದೇಶದ ಕೊಡುಗೆಯೂ ದೊಡ್ಡದು. ಐಐಟಿ ಕಾನ್ಪುರದಲ್ಲಿದ್ದ ಕಲ್ಯಾಣ್ಮಯ್ ದೇಬ್ ಮತ್ತು ಅವರ ವಿದ್ಯಾರ್ಥಿಗಳು 2002ರಲ್ಲಿ ಪ್ರಕಟಿಸಿದ ಎನ್‌ಎಸ್‌ಜಿಎ-2 ಎಂಬ ವಿಧಾನವನ್ನು ಇವತ್ತು ವಿಮಾನದ ರೆಕ್ಕೆಯ ವಿನ್ಯಾಸದಿಂದ ಕುಡಿಯುವ ನೀರಿನ ಜಾಲದವರೆಗೆ ಜಗತ್ತಿನಾದ್ಯಂತ ಬಳಸುತ್ತಾರೆ. ಅದು ನೂರಾರು ಯೋಜನೆಗಳನ್ನು ಒಟ್ಟಿಗೆ ಇಟ್ಟುಕೊಂಡು, ಎರಡೆರಡನ್ನು ಬೆರೆಸಿ ಹೊಸ ಪೀಳಿಗೆ ಹುಟ್ಟಿಸುತ್ತದೆ. ಸೋತವನ್ನು ಕೈಬಿಡುತ್ತದೆ, ಗೆರೆಯ ಮೇಲೆ ಬಿಂದುಗಳು ವಿರಳವಾಗಿರುವ ಕಡೆ ಹೊಸವಕ್ಕೆ ಆದ್ಯತೆ ಕೊಡುತ್ತದೆ. ಕೊನೆಗೆ ಇಡೀ ಗೆರೆಯೇ ಕೈಗೆ ಬರುತ್ತದೆ.

ಗೆರೆಯ ಮೇಲೆ ಯಾವ ಬಿಂದುವನ್ನು ಆರಿಸಬೇಕು ಎಂದು ಮಾತ್ರ ಯಾವ ಗಣಿತವೂ ಹೇಳುವುದಿಲ್ಲ. ಪ್ರತಿಯೊಂದು ಆಯ್ಕೆಯ ಬೆಲೆ ಇಷ್ಟು ಎಂದು ಹೇಳಿ ಅದು ಸುಮ್ಮನಾಗುತ್ತದೆ. ಆರಿಸುವ ಹೊಣೆ ಮನುಷ್ಯರದು.

ಸಮೀಕರಣದೊಳಗೆ ಕೂತ ನ್ಯಾಯ

ಇಂಥ ಅಧ್ಯಯನಗಳಲ್ಲಿ ನೀರಾವರಿಯ ಕೊರತೆಯನ್ನು ಅಳೆಯುವ ರೀತಿಯೊಂದಿದೆ. ಪ್ರತಿ ತಿಂಗಳ ಕೊರತೆಯನ್ನು ವರ್ಗ ಮಾಡಿ ಕೂಡಿಸುತ್ತಾರೆ. ಒಂದು ತಿಂಗಳು 10 ಪಾಲು ಕೊರತೆಯಾಗಿ ಇನ್ನೊಂದು ತಿಂಗಳು ಏನೂ ಕೊರತೆಯಿಲ್ಲದಿದ್ದರೆ ಮೊತ್ತ 100. ಅದನ್ನೇ ಎರಡು ತಿಂಗಳಿಗೆ ಐದೈದು ಎಂದು ಹಂಚಿದರೆ 25 ಮತ್ತು 25, ಒಟ್ಟು 50. ಕಡಿಮೆ ಮೊತ್ತವನ್ನು ಹುಡುಕುವ ಗಣಿತ ತಾನಾಗಿಯೇ ಕೊರತೆಯನ್ನು ಹಂಚುವ ದಾರಿ ಹಿಡಿಯುತ್ತದೆ. ಯಾರೋ ಒಬ್ಬರು ಪೂರ್ತಿ ಮುಳುಗುವುದಕ್ಕಿಂತ ಎಲ್ಲರೂ ಸ್ವಲ್ಪ ಸ್ವಲ್ಪ ತಾಳಿಕೊಳ್ಳಲಿ ಎಂಬ ನ್ಯಾಯಪ್ರಜ್ಞೆ ಆ ಸಣ್ಣ ಘಾತಸಂಖ್ಯೆಯಲ್ಲಿ ಅಡಗಿದೆ.

ಆದರೆ ಗದ್ದೆಯ ನ್ಯಾಯ ಅಷ್ಟು ಸರಳವಲ್ಲ. ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ನೀರು ತಪ್ಪಿದರೆ ಜೊಳ್ಳು. ಸಸಿ ಬೆಳೆಯುವ ಹಂತದಲ್ಲಿ ಸ್ವಲ್ಪ ತಪ್ಪಿದರೆ ಚೇತರಿಸಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1979ರಲ್ಲೇ ಯಾವ ಬೆಳೆ ಯಾವ ಹಂತದಲ್ಲಿ ನೀರಿನ ಕೊರತೆಗೆ ಎಷ್ಟು ಇಳುವರಿ ಕಳೆದುಕೊಳ್ಳುತ್ತದೆ ಎಂಬ ಕೋಷ್ಟಕಗಳನ್ನು ಹೊರತಂದಿದೆ. ಹಾಗಾಗಿ ಎಲ್ಲ ತಿಂಗಳ ಕೊರತೆಗೂ ಒಂದೇ ತೂಕ ಕೊಟ್ಟರೆ ಲೆಕ್ಕ ಗೆದ್ದು ಬೆಳೆ ಸೋಲುತ್ತದೆ. ಆನ್-ಆಫ್ ಪದ್ಧತಿಯ ಬಗ್ಗೆ ರೈತರಿಗಿರುವ ಆತಂಕದ ಮೂಲವೂ ಇದೇ. ನೀರು ನಿಲ್ಲಿಸುವ ದಿನಗಳು ಬೆಳೆಯ ಯಾವ ಹಂತಕ್ಕೆ ಬೀಳುತ್ತವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇನ್ನೂ ಒಂದು ಮಾತು: ಪ್ರತಿ ಸಲ ನಾಲೆ ಖಾಲಿಯಾಗಿ ಮತ್ತೆ ತುಂಬುವಾಗ ನೀರು ಮೊದಲು ಮುಟ್ಟುವುದು ಮೇಲ್ಭಾಗವನ್ನು, ಕೊನೆಯಲ್ಲಿ ಮುಟ್ಟುವುದು ಕೊನೇ ಭಾಗವನ್ನು. ಕಾಗದದ ಮೇಲೆ ಸಮಾನವಾಗಿರುವ ಹತ್ತು ದಿನ ನೆಲದ ಮೇಲೆ ಸಮಾನವಾಗಿರುವುದಿಲ್ಲ. ಮಾದರಿ ಕಟ್ಟುವವರು ಇದನ್ನು ಕೇಳಿ ತಿಳಿಯಬೇಕಾದದ್ದು ತೂಬು ಎತ್ತಿ ಇಳಿಸುವ ಸೌಡಿಗಳ ಹತ್ತಿರ.

ಬರೆಯದ ಗುರಿಯ ಬೆಲೆ ಸೊನ್ನೆ

ಆಪ್ಟಿಮೈಸೇಶನ್ನಿನ ಅತಿ ದೊಡ್ಡ ಅಪಾಯ ಕಂಪ್ಯೂಟರಿನಲ್ಲಿಲ್ಲ, ಗುರಿಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದಕ್ಕೆ ಗಣಿತ ಸೊನ್ನೆ ಬೆಲೆ ಕಟ್ಟುತ್ತದೆ. ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಕಟ್ಟಿದಾಗ ವಿದ್ಯುತ್ ಎಂಬ ಗುರಿ ದೊಡ್ಡ ಅಕ್ಷರದಲ್ಲಿತ್ತು. ನಾಡು ಬೆಳಗಿತು. ಮುಳುಗಿದ ಊರುಗಳಿಂದ ಎದ್ದು ಹೋದ ಕುಟುಂಬಗಳ ಭೂಮಿ ಹಕ್ಕಿನ ಪ್ರಶ್ನೆ ಅರ್ಧ ಶತಮಾನ ದಾಟಿದ ಮೇಲೂ ಮಲೆನಾಡಿನಲ್ಲಿ ಜೀವಂತವಾಗಿದೆ. ಈಗ ಅದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ. ಹಗಲಿನ ಸೌರ ವಿದ್ಯುತ್ತನ್ನು ರಾತ್ರಿಗೆ ಉಳಿಸಿಡುವ ಗುರಿ ಒಳ್ಳೆಯದೇ. ಸಿಂಹಬಾಲದ ಸಿಂಗಳೀಕ ಇರುವ ಕಾಡು ಕೂಡ ಒಂದು ಗುರಿ. ಎರಡೂ ಒಂದೇ ಹಾಳೆಯ ಮೇಲೆ ಸಮನಾದ ಅಕ್ಷರದಲ್ಲಿ ಇರಬೇಕು.

ಸಣ್ಣ ಕಾಮಗಾರಿಗಳಿಗೂ ಈ ಮಾತು ಸಲ್ಲುತ್ತದೆ. ನಾಲೆಗೆ ಕಾಂಕ್ರೀಟ್ ಲೈನಿಂಗ್ ಹಾಕಿದರೆ ನೀರು ಇಂಗುವುದು ತಪ್ಪಿ ಕೊನೇ ಭಾಗಕ್ಕೆ ಹೆಚ್ಚು ನೀರು ಮುಟ್ಟುತ್ತದೆ. ಆ ಇಂಗಿದ ನೀರನ್ನೇ ನಂಬಿದ್ದ ಅಕ್ಕಪಕ್ಕದ ಬಾವಿ, ಬೋರ್‌ವೆಲ್‌ಗಳು ಒಣಗಬಹುದು. ಉಳಿತಾಯ ಎಂದು ಒಂದು ಕಡೆ ಬರೆದದ್ದು ಇನ್ನೊಂದು ಕಡೆಯ ನಷ್ಟವಾಗಿರುತ್ತದೆ.

ನದಿಗೂ ಒಂದು ಪಾಲು ಬೇಕು ಎಂಬ ವಿಚಾರ ನಮ್ಮಲ್ಲಿ ನಿಧಾನವಾಗಿ ಬೇರೂರುತ್ತಿದೆ. ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ 740 ಟಿಎಂಸಿ ಹಂಚುವಾಗ ಪರಿಸರಕ್ಕೆಂದೇ 10 ಟಿಎಂಸಿ ಎತ್ತಿಟ್ಟಿತು. ಅಷ್ಟು ಸಾಕೇ ಎಂಬ ವಾದ ಬೇರೆ. ಪಟ್ಟಿಯಲ್ಲಿ ನದಿಯ ಹೆಸರು ಬಂದದ್ದೇ ದೊಡ್ಡ ಮಾತು.

ಮಳೆ ಬರುವ ಮೊದಲೇ ಒಪ್ಪಂದ

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಜುಲೈನಲ್ಲಿ ತೀರ್ಮಾನ ಮಾಡುವವರಿಗೆ ಸೆಪ್ಟೆಂಬರ್‌ನ ಮಳೆ ಗೊತ್ತಿರುವುದಿಲ್ಲ. ಈ ಅನಿಶ್ಚಿತತೆಯನ್ನೂ ಲೆಕ್ಕದೊಳಗೆ ತರುವ ದಾರಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ವೇದುಲ ಮತ್ತು ಪಿ.ಪಿ. ಮುಜುಂದಾರ್ 1992ರ ತಮ್ಮ ಅಧ್ಯಯನದಲ್ಲಿ ತೋರಿಸಿದರು. ಅವರು ತೆಗೆದುಕೊಂಡದ್ದು ನಮ್ಮದೇ ಮಲಪ್ರಭಾ ಜಲಾಶಯವನ್ನು. ಒಳಹರಿವಿನ ಸಂಭಾವ್ಯತೆ, ಮಣ್ಣಿನಲ್ಲಿ ಉಳಿದ ತೇವ, ಪ್ರತಿ ಬೆಳೆಯ ಹಂತ, ಇಷ್ಟನ್ನೂ ಸೇರಿಸಿ, ಜಲಾಶಯದಲ್ಲಿ ಇಂದು ಇಷ್ಟು ನೀರಿದ್ದರೆ ಇಷ್ಟು ಬಿಡಿ ಎಂಬ ನಿಯಮ ರೂಪಿಸಿದರು. ಮಳೆಯ ಮೇಲೆ ಜೂಜಾಡುವ ಬದಲು ಎಂಥ ಮಳೆಗೂ ಒಂದು ಉತ್ತರ ಸಿದ್ಧವಿರುವ ವ್ಯವಸ್ಥೆ ಅದು.

ನಿಯಮ ಮೊದಲೇ ಸಿದ್ಧವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯೇ ಸಾಕ್ಷಿ. ಸಾಮಾನ್ಯ ವರ್ಷಕ್ಕೆ ಯಾರಿಗೆ ಎಷ್ಟು ಎಂದು ನ್ಯಾಯಮಂಡಳಿ ಹೇಳಿದೆ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಅದನ್ನು ತಿದ್ದಿ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಸಂಕಷ್ಟದ ವರ್ಷದಲ್ಲಿ ಅನುಪಾತಕ್ಕೆ ತಕ್ಕಂತೆ ಹಂಚಿಕೊಳ್ಳಬೇಕು ಎಂಬುದು ತತ್ವ. ಅನುಪಾತವನ್ನು ಹೇಗೆ, ಯಾವ ದಿನದ ಒಳಹರಿವಿನ ಮೇಲೆ ಎಣಿಸಬೇಕು ಎಂಬ ಎಲ್ಲರೂ ಒಪ್ಪಿದ ಸೂತ್ರ ಇಲ್ಲ. ಅದಕ್ಕೇ 2012, 2016, 2023, ಹೀಗೆ ಮಳೆ ಕೈಕೊಟ್ಟ ವರ್ಷಗಳಲ್ಲೆಲ್ಲ ಮಂಡ್ಯದ ಬೀದಿಗಳು ಬಿಸಿಯಾದವು. ಹಸಿವಾದ ಮೇಲೆ ಪಾಲಿನ ಮಾತಿಗೆ ಕೂತರೆ ಯಾರಿಗೂ ತಾಳ್ಮೆ ಇರುವುದಿಲ್ಲ. ಹೊಟ್ಟೆ ತುಂಬಿದ ವರ್ಷವೇ ಮಾತಾಡಿ ಮುಗಿಸಬೇಕು.

ಪ್ರವಾಹದ ಲೆಕ್ಕವೂ ಇದೇ ಜಾತಿಯದು. ಮಳೆಗಾಲದ ನಡುವೆ ಜಲಾಶಯದಲ್ಲಿ ಒಂದಿಷ್ಟು ಜಾಗ ಖಾಲಿ ಇಟ್ಟರೆ ಕೆಳಗಿನ ಊರು ಉಳಿಯುತ್ತದೆ. ಆಮೇಲೆ ಮಳೆ ಬಾರದೇ ಹೋದರೆ ಬೆಳೆಗೆ ನೀರಿಲ್ಲ. 2018ರ ಆಗಸ್ಟ್‌ನ ಕೇರಳದ ಮಹಾಪ್ರವಾಹದ ನಂತರ ಎದ್ದ ದೊಡ್ಡ ಚರ್ಚೆಯೂ ಇದರ ಬಗ್ಗೆಯೇ ಇತ್ತು. ಯಾವ ತಾರೀಕಿಗೆ ಎಷ್ಟು ಮಟ್ಟ ಮೀರಬಾರದು ಎಂಬ ರೂಲ್ ಕರ್ವ್ ಮೊದಲೇ ಬರೆದಿಟ್ಟು, ಜನರಿಗೂ ತಿಳಿಸಿ, ಅದರಂತೆ ನಡೆದರೆ ಗೇಟು ಎತ್ತುವ ಎಂಜಿನಿಯರಿಗೂ ಧೈರ್ಯ ಇರುತ್ತದೆ.

ಗೆರೆಯನ್ನೇ ಆಚೆ ತಳ್ಳುವ ಕಸುಬು

ಗೆರೆಯ ಮೇಲೆ ಬಿಂದು ಆರಿಸುವುದು ಒಂದು ಕೆಲಸ. ಗೆರೆಯನ್ನೇ ಆಚೆಗೆ ತಳ್ಳಿ ಎಲ್ಲರಿಗೂ ಸ್ವಲ್ಪ ಹೆಚ್ಚು ಸಿಗುವಂತೆ ಮಾಡುವುದು ಎಂಜಿನಿಯರಿಂಗ್ ವಿನ್ಯಾಸದ ನಿಜವಾದ ಹೆಗ್ಗಳಿಕೆ. 1953ರ ಪ್ರವಾಹದ ನಂತರ ನೆದರ್ಲೆಂಡ್ಸ್ ತನ್ನ ಪೂರ್ವ ಶೆಲ್ಟ್ ಅಳಿವೆಯನ್ನು ಅಣೆಕಟ್ಟು ಹಾಕಿ ಪೂರ್ತಿ ಮುಚ್ಚಲು ಹೊರಟಿತ್ತು. ಉಪ್ಪು ನೀರು ಬರುವುದು ನಿಂತರೆ ಸಿಂಪಿ, ಮೀನು, ಹಕ್ಕಿ ಎಲ್ಲವೂ ನಾಶವಾಗುತ್ತವೆ ಎಂದು ಮೀನುಗಾರರೂ ಪರಿಸರವಾದಿಗಳೂ ಎದ್ದು ನಿಂತರು. ಸುರಕ್ಷತೆಯೋ ಜೀವಸಂಕುಲವೋ ಎಂಬ ಹಟ ಬಿಟ್ಟು ಎಂಜಿನಿಯರುಗಳು ಮೂರನೆಯ ವಿನ್ಯಾಸ ತಂದರು. 9 ಕಿಲೋಮೀಟರ್ ಉದ್ದದ ತಡೆಯಲ್ಲಿ 62 ಉಕ್ಕಿನ ಗೇಟುಗಳು. ಸಾಮಾನ್ಯ ದಿನಗಳಲ್ಲಿ ತೆರೆದೇ ಇರುತ್ತವೆ, ಬಿರುಗಾಳಿಯ ಉಬ್ಬರ ಬಂದಾಗ ಮಾತ್ರ ಇಳಿಯುತ್ತವೆ. ಖರ್ಚು ಬಹಳ ಏರಿತು. 1986ರಲ್ಲಿ ಕೆಲಸ ಮುಗಿದಾಗ ಊರೂ ಉಳಿಯಿತು, ಅಳಿವೆಯೂ ಉಳಿಯಿತು.

ನಮ್ಮಲ್ಲೂ ಈ ಪರಂಪರೆ ಇದೆ. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಎಂ. ವಿಶ್ವೇಶ್ವರಯ್ಯನವರು ಅಳವಡಿಸಿದ, 1903ರಲ್ಲಿ ಪೇಟೆಂಟ್ ಪಡೆದ ಸ್ವಯಂಚಾಲಿತ ಗೇಟುಗಳು ಅಣೆಕಟ್ಟಿನ ಎತ್ತರ ಏರಿಸದೆಯೇ ಹೆಚ್ಚು ನೀರು ಹಿಡಿದವು, ನೆರೆ ಬಂದಾಗ ತಾವಾಗಿ ತೆರೆದುಕೊಂಡು ಕಟ್ಟೆಯನ್ನೂ ಕಾಪಾಡಿದವು. ಅದೇ ಬಗೆಯ ಗೇಟುಗಳು ಮುಂದೆ ಕೃಷ್ಣರಾಜಸಾಗರಕ್ಕೂ ಬಂದವು. ನೀರಾ ನಾಲೆಯಲ್ಲಿ ಅವರು ತಂದ ಬ್ಲಾಕ್ ಪದ್ಧತಿ ಹೆಚ್ಚು ನೀರು ಬೇಡುವ ಬೆಳೆಯನ್ನು ಸರದಿಯ ಮೇಲೆ ಹಂಚಿ, ಕೆಲವೇ ಊರುಗಳಲ್ಲಿ ನಿಲ್ಲುತ್ತಿದ್ದ ನೀರನ್ನು ಹಲವು ಊರುಗಳಿಗೆ ಒಯ್ದಿತು. ಕಂಪ್ಯೂಟರ್ ಇಲ್ಲದ ಕಾಲದ ಆಪ್ಟಿಮೈಸೇಶನ್ ಅದು.

ತೀರ ಈಚಿನ ಉದಾಹರಣೆ ತುಂಗಭದ್ರೆಯದು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನೀರು ಖಾಲಿ ಮಾಡಿದರೆ ದುರಸ್ತಿ ಸುಲಭ, ಆದರೆ ಮೂರು ರಾಜ್ಯಗಳ ರೈತರ ಬೆಳೆ ಹೋಗುತ್ತದೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನ ನಡುವೆಯೇ ಒಂದರ ಮೇಲೊಂದು ಉಕ್ಕಿನ ಫಲಕ ಇಳಿಸಿ ಒಂದೇ ವಾರದಲ್ಲಿ ಕಂಡಿ ಮುಚ್ಚಿದರು. ಸುರಕ್ಷತೆ ಅಥವಾ ನೀರು ಎಂಬ ಆಯ್ಕೆಯನ್ನು ಆ ಕೆಲಸಗಾರರ ಕೈ ಬದಲಾಯಿಸಿತು. 105.788 ಟಿಎಂಸಿ ಸಾಮರ್ಥ್ಯದ ಆ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಉಳಿದ ಜಾಗ ಹೂಳಿನ ಪಾಲಾಗಿದೆ. ಗೇಟುಗಳ ನಿರ್ವಹಣೆ, ಹೂಳಿನ ನಿಯಂತ್ರಣ, ಒಡೆದ ಉಪನಾಲೆಗಳ ದುರಸ್ತಿ ಇವೆಲ್ಲ ಹೆಸರು ತರದ ಕೆಲಸಗಳು. ಇವನ್ನು ಕಡೆಗಣಿಸಿದಷ್ಟೂ ಗೆರೆ ಒಳಗೆ ಸರಿಯುತ್ತದೆ, ಜಗಳ ಬೆಳೆಯುತ್ತದೆ.

ಬೆಲೆಪಟ್ಟಿ ಸಭೆಗೆ ಬರಲಿ

ಪ್ರತಿ ಹಂಗಾಮಿಗೂ ಮುನ್ನ ಅಚ್ಚುಕಟ್ಟಿನ ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ. ಮಂತ್ರಿಗಳು, ಶಾಸಕರು, ಅಧಿಕಾರಿಗಳು, ರೈತ ಮುಖಂಡರು ಇರುತ್ತಾರೆ. ಯಾರ ದನಿ ಜೋರೋ, ಯಾವ ಜಿಲ್ಲೆಯ ಪ್ರತಿನಿಧಿಗಳು ಹೆಚ್ಚೋ ಆ ಕಡೆಗೆ ತೀರ್ಮಾನ ವಾಲಿತು ಎಂಬ ಗುಮಾನಿ ಪ್ರತಿ ಸಲವೂ ಉಳಿದುಬಿಡುತ್ತದೆ. ಗುಮಾನಿಗೆ ಕಾರಣ ಒಂದೇ: ಆಯ್ಕೆಗಳ ಬೆಲೆ ಎಷ್ಟು ಎಂದು ಯಾರ ಕಣ್ಣಿಗೂ ಬೀಳದಿರುವುದು.

ಇದನ್ನು ಬದಲಾಯಿಸಲು ಹೊಸ ಅಣೆಕಟ್ಟು ಬೇಕಿಲ್ಲ. ಸಭೆಗೆ ವಾರ ಮುಂಚೆ ನೀರಾವರಿ ನಿಗಮವು ನಾಲ್ಕೈದು ಯೋಜನೆಗಳನ್ನು ಕನ್ನಡದಲ್ಲಿ, ಒಂದೇ ಪುಟದಲ್ಲಿ, ಎಲ್ಲ ಊರುಗಳ ಪಂಚಾಯಿತಿಗೂ ಕಳಿಸಲಿ. ಈ ಯೋಜನೆಯಲ್ಲಿ ಇಷ್ಟು ಎಕರೆ ಭತ್ತ, ಇಷ್ಟು ದಿನ ತೋಟಕ್ಕೆ ನೀರು, ಮೇ ಕೊನೆಗೆ ಜಲಾಶಯದಲ್ಲಿ ಇಷ್ಟು ಅಡಿ, ಇಷ್ಟು ಯೂನಿಟ್ ವಿದ್ಯುತ್, ನದಿಗೆ ಇಷ್ಟು ಕ್ಯೂಸೆಕ್ ಎಂದು ಸಾಲು ಸಾಲಾಗಿ ಬರೆದಿರಲಿ. ಮಳೆ ಕಡಿಮೆಯಾದರೆ ಯಾವ ಯೋಜನೆಗೆ ಯಾವ ದಿನ ಹೊರಳುತ್ತೇವೆ ಎಂಬುದೂ ಅದರಲ್ಲೇ ಇರಲಿ. ಲೆಕ್ಕ ಹಾಕುವ ವಿದ್ಯೆ ನಮ್ಮ ರಾಜ್ಯದ ಸಂಸ್ಥೆಯಲ್ಲೇ ಇದೆ. ನಮ್ಮ ಜಲಾಶಯಗಳ ಮೇಲೆಯೇ ಅದನ್ನು ಪ್ರಯೋಗಿಸಿಯೂ ಆಗಿದೆ. ಸೌಡಿಗಳ, ರೈತರ, ಮೀನುಗಾರರ ಅನುಭವ ಸೇರಿದರೆ ಆ ಲೆಕ್ಕಕ್ಕೆ ಬಲ ಬರುತ್ತದೆ.

ಆಗಲೂ ಎಲ್ಲರಿಗೂ ಬೇಕಾದಷ್ಟು ಸಿಗುವುದಿಲ್ಲ. ಯಾರು ಎಷ್ಟು ಬಿಟ್ಟುಕೊಟ್ಟರು, ಅದರಿಂದ ಯಾರಿಗೆ ಏನು ಸಿಕ್ಕಿತು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿರುತ್ತದೆ. ಬಿಟ್ಟುಕೊಟ್ಟವರಿಗೆ ಪರಿಹಾರ ಕೇಳುವ ಹಕ್ಕೂ ಅಲ್ಲಿಂದಲೇ ಹುಟ್ಟುತ್ತದೆ. ಮುಂದಿನ ಸಭೆಗೆ ಹೋಗುವ ಪ್ರತಿಯೊಬ್ಬ ರೈತ ಪ್ರತಿನಿಧಿಯೂ ತನ್ನ ಬೇಡಿಕೆಯ ಪತ್ರದ ಮೊದಲ ಸಾಲಿನಲ್ಲಿ ನೀರಿನ ಪಾಲಿಗಿಂತ ಮುಂಚೆ ಈ ಬೆಲೆಪಟ್ಟಿಯನ್ನು ಕೇಳಲಿ.